ನಾನು ಬರೆದ ಮೂವತ್ತನಾಲ್ಕು ಹಕ್ಕಿಗಳು

ಬಾಯಮ್ಮ ಸುಳ್ಳು ಲೆಕ್ಕ ಬರೆದವರಲ್ಲ. ಬರೆದದ್ದು ನಾನು. ದುಬೈಯ ಹಕ್ಕಿ ಎಣಿಸುವ ಗುಂಪಿನವರು ಬಾಯಮ್ಮನ ಆರು ವರ್ಷದ ಲೆಕ್ಕವನ್ನು ಒಂದೇ ಸಂಜೆಯಲ್ಲಿ ತೆಗೆದುಹಾಕಿದ್ದು ನನ್ನ ಎರಡು ಶುಕ್ರವಾರಗಳ ಸುಳ್ಳಿನಿಂದ. ಇದರಲ್ಲಿ ಹಣೆಬರಹವೂ ಇಲ್ಲ, ದೇವರ ಇಚ್ಛೆಯೂ ಇಲ್ಲ.

ಇಷ್ಟು ವರ್ಷದ ಮೇಲೆ ಇದನ್ನು ಬರೆಯಲು ಕಾರಣ ಒಂದು ವಾಸನೆ. ನಾನೀಗ ಮಂಗಳೂರಿನಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇನೆ. ಕೆಳಗಿನ ಹುಲ್ಲಿಗೆ ಬಚ್ಚಲಿನ ನೀರನ್ನೇ ಶುದ್ಧ ಮಾಡಿ ಬಿಡುವ ಪೈಪು ಮೊನ್ನೆಯಿಂದ ಶುರುವಾಗಿದೆ. ಹಸಿ ಕೆಸರು, ಸ್ವಲ್ಪ ಔಷಧ, ಸ್ವಲ್ಪ ಕೊಳೆತ ಎಲೆ… ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದವಳಿಗೆ ಆ ವಾಸನೆ ಮೂಗಿಗೆ ಬಡಿದದ್ದೇ ಬಾಯಮ್ಮನ ಕೆರೆ ಕಣ್ಣೆದುರು ಬಂತು. ಬಟ್ಟೆ ಹರವುವುದನ್ನು ನಿಲ್ಲಿಸಲಿಲ್ಲ. ಆದರೆ ಒಂದು ಅಂಗಿಗೆ ಎರಡು ಸಲ ಕ್ಲಿಪ್ಪು ಹಾಕಿದೆ.

ನಾನು ದುಬೈಗೆ ಹೋದದ್ದು ಮೊಮ್ಮಗಳನ್ನು ನೋಡಿಕೊಳ್ಳಲು. ಮಗನೂ ಸೊಸೆಯೂ ಇಬ್ಬರೂ ಕೆಲಸಕ್ಕೆ ಹೋಗುವವರು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಮನೆ. ಹೆಸರಿಗೆ ಪಾರ್ಕು, ಒಂದು ಕಡೆ ಮನೆಗಳು, ಇನ್ನೊಂದು ಕಡೆ ಕಾರ್ಖಾನೆಗಳು, ಗೋದಾಮುಗಳು. ನಮ್ಮ ಎದುರು ಬಾಗಿಲಲ್ಲಿ ಬಾಯಮ್ಮ ಇದ್ದರು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಹಾಗೆ ಕರೆಯುವುದು ರೂಢಿ. ಅವರ ಊರು ಕಿನ್ನಿಗೋಳಿಯ ಕಡೆ. ಮದುವೆ ಆಗಿರಲಿಲ್ಲ. ಆಸ್ಪತ್ರೆಯೊಂದರಲ್ಲಿ ರೋಗಿಗಳ ಕಡತಗಳನ್ನು ಇಡುವ ಕೆಲಸ, ಮೂವತ್ತು ವರ್ಷದಿಂದ ಅದೇ. ಕಡತ ಇಡುವವರ ಗುಣ ಅವರಲ್ಲಿ ತುಂಬಿತ್ತು. ಅವರ ಅಡುಗೆಮನೆಯಲ್ಲಿ ಮೆಣಸಿನ ಡಬ್ಬಿಯ ಮೇಲೂ ಚೀಟಿ ಇತ್ತು.

ಆಗ ಅಲ್ಲಿ ವಾರದ ರಜೆ ಶುಕ್ರವಾರ. ಆ ದಿನ ಬೆಳಕು ಹರಿಯುವ ಮೊದಲು ಅವರ ಬಾಗಿಲು ತೆರೆಯುವ ಸದ್ದು ಕೇಳುತ್ತಿತ್ತು. ಕುತ್ತಿಗೆಯಲ್ಲಿ ದುರ್ಬೀನು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ, ತಲೆಗೆ ಗಂಡಸರ ಟೊಪ್ಪಿ. ಎಂಟು ಗಂಟೆಗೆ ಹಿಂತಿರುಗಿ, ಸೀರೆ ಉಟ್ಟು, ಊದ್ ಮೇಥಾದ ಚರ್ಚಿಗೆ ಪೂಜೆಗೆ ಹೋಗುತ್ತಿದ್ದರು. ಆ ಎರಡು ಗಂಟೆ ಇವರು ಎಲ್ಲಿಗೆ ಹೋಗುತ್ತಾರೆಂದು ನನಗೆ ತಲೆಬಿಸಿ. ಒಂದು ದಿನ ಲಿಫ್ಟಿನ ಹತ್ತಿರ ಹಿಡಿದು ಕೇಳಿಯೇಬಿಟ್ಟೆ.

"ಹಕ್ಕಿ ಎಣಿಸ್ಲಿಕ್ಕೆ ಅಕ್ಕ."

"ಎಣಿಸಿ ಎಂತ ಮಾಡ್ತೀರಿ? ಸಾರಾ?"

"ಬನ್ನಿ, ತೋರಿಸ್ತೇನೆ. ಚಪ್ಪಲಿ ಬೇಡ, ಬೂಟು ಹಾಕಿ."

ನನಗೆ ಬೂಟಿರಲಿಲ್ಲ. ಸೊಸೆಯ ವಾಕಿಂಗ್ ಬೂಟು ಹಾಕಿಕೊಂಡು ಹೋದೆ.

ಗೋದಾಮುಗಳ ಹಿಂದೆ, ಇಪ್ಪತ್ತು ನಿಮಿಷ ನಡೆದರೆ ಆ ಕೆರೆ. ಅದನ್ನು ಕೆರೆ ಎನ್ನುವುದು ಬಾಯಮ್ಮ ಮಾತ್ರ. ಕೊಳಚೆ ನೀರನ್ನು ಶುದ್ಧ ಮಾಡಿ, ಗಿಡಗಳಿಗೆ ಬಿಡಲು ನಿಲ್ಲಿಸಿದ ಹೊಂಡ ಅದು. ನಡುವೆ ಜಲ್ಲಿಯ ಎರಡು ದಿಬ್ಬ. ಅವುಗಳ ಮೇಲೆ ಉದ್ದ ಕೆಂಪು ಕಾಲಿನ ಹಕ್ಕಿಗಳು, ಮೈ ಬಿಳಿ, ರೆಕ್ಕೆ ಕಪ್ಪು. ಕೋಲಿನ ಮೇಲೆ ನಿಂತ ಹಾಗೆ ನಿಂತಿದ್ದವು. ಜಲ್ಲಿಯ ಮೇಲೆಯೇ ಮೊಟ್ಟೆ, ಗೂಡಿಲ್ಲ, ಏನಿಲ್ಲ. ಸುತ್ತ ನೀರಿರುವುದೇ ಅವಕ್ಕೆ ಬೇಲಿ. ನೀರು ದಾಟಿ ಬೆಕ್ಕು ಬರುವುದಿಲ್ಲ, ಲಾರಿ ಬರುವುದಿಲ್ಲ.

ಬಾಯಮ್ಮ ಬೆರಳು ಮಡಿಸಿ ಒಂದೊಂದಾಗಿ ಎಣಿಸುತ್ತಿದ್ದರು. ಇಪ್ಪತ್ತರ ಹತ್ತಿರ ಬರುವಾಗ ಹಕ್ಕಿಗಳು ಎದ್ದು ಒಂದು ಸುತ್ತು ಹೊಡೆದು ಜಾಗ ಬದಲಿಸಿ ಕೂರುತ್ತಿದ್ದವು. ಮತ್ತೆ ಒಂದರಿಂದ ಶುರು. ಮೂರನೇ ಸಲಕ್ಕೆ ನನಗೆ ತಡೆಯಲಾಗಲಿಲ್ಲ.

"ನಲವತ್ತೊಂದು," ಎಂದೆ.

"ಬಾಯಿಗೆ ಬಂದದ್ದು ಹೇಳ್ಬೇಡಿ ಅಕ್ಕ."

"ಬೇಕಾದ್ರೆ ಹಿಡಿದು ಬುಟ್ಟಿಗೆ ಹಾಕಿ, ಎಣಿಸಿ ಕೊಡ್ತೇನೆ."

ಅವರು ಫೋನಿನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ, ಪೆನ್ನಿನ ತುದಿಯಲ್ಲಿ ಮುಟ್ಟಿ ಮುಟ್ಟಿ ಎಣಿಸಿದರು. ನಲವತ್ತೊಂದೇ ಇತ್ತು. ನಾನು ಇಪ್ಪತ್ತೆಂಟು ವರ್ಷ ಮಲ್ಪೆಯ ಬಂದರಿನಲ್ಲಿ ಮೀನು ತೆಗೆದುಕೊಂಡು ತಲೆಹೊರೆಯಲ್ಲಿ ಮಾರಿದವಳು. ಬಂಗುಡೆ ರಾಶಿ ನೋಡಿದರೆ ಎಷ್ಟಿದೆಯೆಂದು ಕಣ್ಣಿಗೇ ಗೊತ್ತಾಗುತ್ತಿತ್ತು. ಗೊತ್ತಾಗದವಳನ್ನು ಬಂದರು ಎರಡು ದಿನದಲ್ಲಿ ಮುಗಿಸುತ್ತಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಈ ವಿದ್ಯೆಗೆ ಅಲ್ಲಿಯತನಕ ಯಾರೂ ಮರ್ಯಾದೆ ಕೊಟ್ಟಿರಲಿಲ್ಲ. ಬಾಯಮ್ಮ ಕೊಟ್ಟರು. ಆ ದಿನದಿಂದ ಉದ್ದ ಕಾಲಿನವುಗಳ ಎಣಿಕೆ ನನ್ನದು, ಬರೆಯುವುದು ಅವರದು.

ಒಂದೂವರೆ ವರ್ಷ ಹಾಗೆ ಹೋದೆವು. ಮಗ ನಗುತ್ತಿದ್ದ. "ಅಮ್ಮನಿಗೆ ದುಬೈಯಲ್ಲಿ ಜಾಬ್ ಸಿಕ್ಕಿತು, ಸಂಬಳ ಮಾತ್ರ ಮಾಫಿ," ಎನ್ನುತ್ತಿದ್ದ. ಮಾಫಿ ಎಂದರೆ ಅರಬಿಯಲ್ಲಿ ಇಲ್ಲ ಎಂದು. ಮೊಮ್ಮಗಳು ಇಂಗ್ಲಿಷಿನಲ್ಲಿ ಏನೋ ಕೇಳುತ್ತಿದ್ದಳು, ನಾನು ತುಳುವಿನಲ್ಲಿ ಏನೋ ಹೇಳುತ್ತಿದ್ದೆ. ಆ ಎರಡು ಗಂಟೆಯಲ್ಲಿ ನಾನು ಯಾರ ಅಮ್ಮನೂ ಅಲ್ಲ, ಯಾರ ಅತ್ತೆಯೂ ಅಲ್ಲ. ಕೆರೆಯ ದಂಡೆಯಲ್ಲಿ ಫ್ಲಾಸ್ಕಿನ ಚಾ ಕುಡಿಯುತ್ತಾ ಕೂತರೆ, ಬಾಯಮ್ಮ ತಮ್ಮ ಆಫೀಸಿನ ಮಲಬಾರಿ ಮೇನೇಜರನ ನಡಿಗೆಯನ್ನು ಮಾಡಿ ತೋರಿಸುತ್ತಿದ್ದರು…

ಅವರು ಎಣಿಸಿದ್ದೆಲ್ಲ ಒಂದು ಗುಂಪಿಗೆ ಹೋಗುತ್ತಿತ್ತು. ಬೇರೆ ಬೇರೆ ದೇಶದವರು, ಬೇರೆ ಬೇರೆ ಕೆಲಸದವರು, ರಜೆಯ ದಿನ ಹಕ್ಕಿ, ಹಾವು, ಉಡ, ಚಿಟ್ಟೆ ಕಂಡದ್ದನ್ನು ಬರೆದು ಫೋನಿನಲ್ಲಿ ಕಳಿಸುತ್ತಿದ್ದರು. ದೊಡ್ಡ ಓದು ಓದಿದವರು ಅದನ್ನೆಲ್ಲ ಒಟ್ಟು ಮಾಡಿ ಯಾವ ಜೀವ ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ತಿಳಿಯುತ್ತಿದ್ದರಂತೆ. ಆ ಕೆರೆಯನ್ನು ನೋಡುವವರು ಬಾಯಮ್ಮ ಒಬ್ಬರೇ. ಆರು ವರ್ಷದಲ್ಲಿ ಅವರು ತಪ್ಪಿಸಿದ ಶುಕ್ರವಾರಗಳು ಒಂದು ಕೈಯ ಬೆರಳಿಗಿಂತ ಕಡಿಮೆ.

ನಮ್ಮಿಬ್ಬರಿಗೆ ಜಗಳ ಆಗುತ್ತಿದ್ದದ್ದು ಒಂದೇ ವಿಷಯಕ್ಕೆ. ಕಾಗದದಲ್ಲಿ ಹಕ್ಕಿಗಳ ಹೆಸರು ಸಾಲಾಗಿ ಅಚ್ಚಾಗಿರುತ್ತಿತ್ತು. ಆ ದಿನ ಕಾಣದ ಹಕ್ಕಿಯ ಎದುರು ಬಾಯಮ್ಮ ಸೊನ್ನೆ ಹಾಕುತ್ತಿದ್ದರು.

"ಇಲ್ಲದ್ದನ್ನು ಯಾಕೆ ಬರೀಬೇಕು? ಖಾಲಿ ಬಿಡಿ."

"ಖಾಲಿ ಬಿಟ್ರೆ ನಾವು ನೋಡ್ಲೇ ಇಲ್ಲ ಅಂತ ಆಗ್ತದೆ ಅಕ್ಕ. ಸೊನ್ನೆ ಹಾಕಿದ್ರೆ ನೋಡಿದ್ದೇವೆ, ಇರ್ಲಿಲ್ಲ ಅಂತ. ಸೊನ್ನೆಯೂ ಲೆಕ್ಕವೇ."

ನನ್ನ ತಾಯಿಯ ಮನೆಯಲ್ಲಿ 'ಇಲ್ಲ' ಎಂದು ಬಾಯಿಬಿಟ್ಟು ಹೇಳುವ ಕ್ರಮವಿರಲಿಲ್ಲ. ಅಕ್ಕಿ ಮುಗಿದರೆ 'ಅಕ್ಕಿ ಹೆಚ್ಚಾಗಿದೆ, ತರಬೇಕು' ಎನ್ನುವುದು. ಬುಟ್ಟಿಯ ಮೀನು ತೀರಿದ ಮೇಲೆ ಯಾರಾದರೂ ಕೇಳಿದರೆ 'ನಾಳೆ ತರ್ತೇನೆ' ಎನ್ನುವುದು. ಇಲ್ಲ ಎಂದರೆ ಇಲ್ಲದೇ ಹೋಗುತ್ತದೆ ಎಂಬ ಹೆದರಿಕೆ. ಹಾಗಾಗಿ ಸೊನ್ನೆ ಹಾಕುವ ಹೊತ್ತಿಗೆ ನಾನು ಮುಖ ತಿರುಗಿಸಿ ಕೂರುತ್ತಿದ್ದೆ. ಬಾಯಮ್ಮ, "ಮಾರಾಯ್ತಿ, ಇದು ಸೊನ್ನೆ, ಹಾವಲ್ಲ," ಎಂದು ನಗುತ್ತಿದ್ದರು.

ಆ ವರ್ಷ ಹಕ್ಕಿಗಳು ಮೊಟ್ಟೆಯಿಡುವ ಕಾಲದಲ್ಲಿಯೇ ಬಾಯಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಮೂರು ವಾರ ನಡೆಯಬಾರದು ಎಂದರು ಡಾಕ್ಟರು. ಅದೇ ಸಮಯಕ್ಕೆ ಗುಂಪಿನವರು ಆ ಕೆರೆಯ ವಿಷಯ ಎತ್ತಿಕೊಂಡಿದ್ದರು. ಜಾಗ ಒಂದು ಕಂಪನಿಯದು. ಮರಿಯಾಗುವ ಮೂರು ತಿಂಗಳು ನೀರು ಇಳಿಸಬೇಡಿ, ಲಾರಿ ಬಿಡಬೇಡಿ ಎಂದು ಕಂಪನಿಯನ್ನು ಕೇಳುವುದು, ಆಧಾರಕ್ಕೆ ಬಾಯಮ್ಮನ ಆರು ವರ್ಷದ ಲೆಕ್ಕವನ್ನು ತೋರಿಸುವುದು. ಇನ್ನೊಂದು ವರ್ಷದಲ್ಲಿ ಬಾಯಮ್ಮನಿಗೆ ಅರವತ್ತು ತುಂಬುತ್ತಿತ್ತು, ವೀಸಾ ಖಲಾಸ್, ಊರಿಗೆ ಹೊರಡಬೇಕು. ಹಾಸಿಗೆಯಲ್ಲಿ ಮಲಗಿ ನನ್ನ ಕೈ ಹಿಡಿದು ಹೇಳಿದರು. "ಮೂವತ್ತು ವರ್ಷ ಬೇರೆಯವರ ಕಾಗದ ಜೋಡಿಸಿದೆ ಅಕ್ಕ. ನನ್ನದು ಅಂತ ಇರುವುದು ಇದೊಂದೇ. ಮೂರು ವಾರ ನೀವು ಹೋಗಿ. ಕಂಡಷ್ಟು ಬರೀರಿ."

ಅಂಕಿ ಬರೆಯಲು ನನಗೆ ಬರುತ್ತದೆ. ಹೋದೆ.

ಮೊದಲ ಶುಕ್ರವಾರ ಮೂವತ್ತಾರು ಇದ್ದವು. ಹೆಚ್ಚಿನವು ಮೊಟ್ಟೆಯ ಮೇಲೆ ಕೂತಿದ್ದವು. ಬರೆದುಕೊಂಡು ಬಂದೆ.

ಎರಡನೇ ಶುಕ್ರವಾರ ಕೆರೆಯಲ್ಲಿ ನೀರಿರಲಿಲ್ಲ. ಹೂಳು ತೆಗೆಯಲು ಇಳಿಸಿದ್ದರು. ಕೆಸರು ಒಡೆದು ಕಂಬಳಿಯ ಹಾಗೆ ಸುರುಟಿತ್ತು. ದಿಬ್ಬದ ತನಕ ಚಕ್ರದ ಗುರುತು. ಜಲ್ಲಿಯ ಮೇಲೆ ಎರಡು ಬೆಕ್ಕು ಬಿಸಿಲು ಕಾಯುತ್ತಿದ್ದವು. ಒಂದು ಗಂಟೆ ನಿಂತೆ. ಆಚೆ ಗೋದಾಮಿನ ತನಕ ನಡೆದು ನೋಡಿದೆ. ಒಂದು ಹಕ್ಕಿಯೂ ಇರಲಿಲ್ಲ…

ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡು ಮಲಗಿದವರ ಮನೆಗೆ ಸೊನ್ನೆ ಬರೆದ ಕಾಗದ ತೆಗೆದುಕೊಂಡು ಹೋಗಲು ನನ್ನಿಂದಾಗಲಿಲ್ಲ. ನೀರು ಬಂದರೆ ಹಕ್ಕಿಯೂ ಬರುತ್ತದೆ, ಇವತ್ತಿಲ್ಲದ ಮೀನು ನಾಳೆ ಬಂದ ಹಾಗೆ ಎಂದುಕೊಂಡೆ. ಮೂವತ್ತನಾಲ್ಕು ಎಂದು ಬರೆದೆ. ಹಿಂದಿನ ವಾರದ್ದೇ ಬರೆದರೆ ಅನುಮಾನ ಬರುತ್ತದೆಂದು ಎರಡು ಕಡಿಮೆ ಮಾಡಿದೆ. ಅಷ್ಟು ಬುದ್ಧಿ ಇತ್ತು. ತಾಯಿಯ ಮನೆಯ ಕ್ರಮ, ಹೆದರಿಕೆ ಎಂದು ಹೇಳಿಕೊಂಡರೆ ಅರ್ಧ ಮಾತ್ರ ನಿಜ. ನಾನು ನೋಡಿಕೊಂಡ ವಾರವೇ ಹಕ್ಕಿ ಹೋಯಿತು ಎಂದು ಕೇಳಿಸಿಕೊಳ್ಳುವುದು ನನಗೆ ಬೇಡವಾಗಿತ್ತು. ಉಳಿದರ್ಧ ಅದು.

ಮೂರನೇ ಶುಕ್ರವಾರವೂ ನೀರಿರಲಿಲ್ಲ. ಮೂವತ್ತೇಳು ಬರೆದೆ.

ಬಾಯಮ್ಮ ದಿಂಬಿಗೆ ಒರಗಿ ಅದನ್ನು ಫೋನಿಗೆ ಹಾಕಿದರು. "ನೋಡಿದಿರಾ, ಹೆಚ್ಚಾಗಿದೆ. ಮರಿಯೂ ಎದ್ದಿರಬೇಕು," ಎಂದು ಅವರ ಮುಖ ಅರಳಿತು. ನಾನು ತಂದಿದ್ದ ಗಂಜಿಗೆ ಉಪ್ಪಿನಕಾಯಿ ಹಾಕಿ ಕೊಟ್ಟೆ.

ಆ ತಿಂಗಳ ಕೊನೆಯ ಗುರುವಾರ ಸಂಜೆ, ಊದ್ ಮೇಥಾದ ಒಂದು ಕ್ಲಬ್ಬಿನ ಹಾಲಿನಲ್ಲಿ ಸಭೆ. ಬಾಯಮ್ಮ ಭಾರ ಎತ್ತಬಾರದಿತ್ತು. ಅವರ ಆರು ವರ್ಷದ ಕಾಗದಗಳ ಚೀಲ ಹಿಡಿದುಕೊಳ್ಳಲು ನಾನು ಜೊತೆಗೆ ಹೋದೆ. ಟ್ಯಾಕ್ಸಿಯಲ್ಲಿ ಅವರು ಹೇಳಬೇಕಾದ್ದನ್ನು ಬಾಯಿಪಾಠ ಮಾಡುತ್ತಿದ್ದರು. ನೀಲಿ ಸೀರೆ ಉಟ್ಟಿದ್ದರು. ನನಗೆ ಆಗಲೂ ಹೇಳಬಹುದಿತ್ತು. ಹೇಳಲಿಲ್ಲ.

ಗುಂಪಿನ ಮುಖ್ಯಸ್ಥೆ ಬಿಳಿ ಕೂದಲಿನ ಒಬ್ಬರು ಮೇಡಂ. ಕಂಪನಿಯ ಕಡೆಯಿಂದ ಒಬ್ಬ ಬಂದಿದ್ದ, ಒಳ್ಳೆಯ ಮಾತಿನವನು, ಎಲ್ಲರಿಗೂ ಕೈಕೊಟ್ಟ. ಬಾಯಮ್ಮ ಎದ್ದು ನಿಂತು ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಆ ಕಂಪನಿಯವನು ಗೋಡೆಯ ಮೇಲೆ ಫೋಟೊ ಬಿಟ್ಟ.

ಇಂಗ್ಲಿಷ್ ನನಗೆ ಬಾರದು. ಬೇಕಾಗಲೂ ಇಲ್ಲ. ಒಡೆದ ಕೆಸರು, ಚಕ್ರದ ಗುರುತು, ಖಾಲಿ ಜಲ್ಲಿ. ಮೂಲೆಯಲ್ಲಿ ತಾರೀಖು. ಅಂಕಿ ನನಗೆ ಓದಲು ಬರುತ್ತದೆಂದು ಹೇಳಿದೆನಲ್ಲ. ಎರಡನೇ ಶುಕ್ರವಾರ. ಮುಂದಿನ ಫೋಟೊ, ಮೂರನೇ ಶುಕ್ರವಾರ.

ಬಾಯಮ್ಮ ತಮ್ಮ ಕಾಗದವನ್ನೂ ಗೋಡೆಯನ್ನೂ ಎರಡು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರ ಎದುರು, ನಮ್ಮ ತುಳುವಿನಲ್ಲಿ ಮೆಲ್ಲಗೆ ಕೇಳಿದರು.

"ಅಕ್ಕ, ಆ ದಿನ ಎಷ್ಟಿತ್ತು?"

"ಮೂವತ್ತನಾಲ್ಕು," ಎಂದೆ.

ಗೋಡೆಯ ಮೇಲೆ ಆ ಫೋಟೊ ಇರುವಾಗಲೇ ಹಾಗೆಂದೆ. ಮೊದಲ ಸುಳ್ಳಿಗೆ ಏನಾದರೂ ಕಾರಣ ಕೊಡಬಹುದು. ಇದಕ್ಕೆ ನನ್ನ ಹತ್ತಿರ ಇಂದಿಗೂ ಕಾರಣವಿಲ್ಲ.

ಬಾಯಮ್ಮ ಒಂದು ಕ್ಷಣ ನನ್ನನ್ನೇ ನೋಡಿ, ಆ ಕಡೆ ತಿರುಗಿ, ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿ ಕೂತರು. ಬಿಳಿ ಕೂದಲಿನ ಮೇಡಂ ತಲೆ ತಗ್ಗಿಸಿ ಏನೋ ಬರೆದುಕೊಂಡರು. ಕಂಪನಿಯವನು ನಯವಾಗಿ ಪರವಾಗಿಲ್ಲ ಎಂಬಂತೆ ಕೈ ಆಡಿಸಿದ. ಚಹಾ ಕೊಟ್ಟರು. ನಮ್ಮ ಹತ್ತಿರ ಯಾರೂ ಬರಲಿಲ್ಲ.

ಹಿಂತಿರುಗುವಾಗ ಟ್ಯಾಕ್ಸಿ ಅರ್ಧ ದಾರಿ ದಾಟಿತ್ತು. ಕೊನೆಗೆ ನಾನೇ ಕೇಳಿದೆ.

"ಎಂತ ಹೇಳಿದಿರಿ ಅವರಿಗೆ?"

"ನಾನೇ ಮಲಗಿದಲ್ಲಿಂದ ಅಂದಾಜಿಗೆ ಬರೆದೆ ಅಂತ."

"ಹಾಗೆ ಯಾಕೆ ಹೇಳಿದ್ದು?"

"ಕಳಿಸಿದ್ದು ನಾನಲ್ಲವಾ? ಕಾಗದದಲ್ಲಿ ಹೆಸರು ನನ್ನದು."

"ಈಗ ಎಂತ ಮಾಡ್ತಾರಂತೆ?"

"ನನ್ನದು ಎಲ್ಲವನ್ನೂ ತೆಗೀತಾರೆ. ಆರು ವರ್ಷದ್ದೂ. ಎರಡು ವಾರ ಅಂದಾಜಿಗೆ ಬರೆದವಳು ಉಳಿದದ್ದು ಸರಿ ಬರೆದಿದ್ದಾಳೆ ಅಂತ ಹೇಗೆ ಹೇಳುವುದು? ಅವರ ಜಾಗದಲ್ಲಿ ನಾನಿದ್ರೂ ಹಾಗೇ ಮಾಡ್ತಿದ್ದೆ."

ನಾನು ಹೊರಗೆ ನೋಡುತ್ತಾ ಕೂತೆ. ಬಾಯಮ್ಮ ಸ್ವರ ಏರಿಸಲಿಲ್ಲ.

"ಅಕ್ಕ, ಮೀನು ಮಾರುವಾಗ ಕೊಳೆತದ್ದನ್ನು ಅಡಿಗೆ ಹಾಕಿ ಕೊಟ್ಟದ್ದುಂಟಾ ನೀವು?"

"ಒಂದು ದಿನವೂ ಇಲ್ಲ."

"ಮತ್ತೆ ನನಗೆ ಯಾಕೆ ಕೊಟ್ಟಿರಿ?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಮತ್ತೆ ಒಂದೇ ಮಾತು ಹೇಳಿದರು. "ಆವತ್ತೇ ಸೊನ್ನೆ ಅಂತ ಬರೆದಿದ್ರೆ ನಾನು ಅದೇ ಗಳಿಗೆಗೆ ಮೇಡಮಿಗೆ ಫೋನ್ ಮಾಡ್ತಿದ್ದೆ. ಎರಡು ದಿನದಲ್ಲಿ ನೀರು ಬಿಡಿಸಬಹುದಿತ್ತು. ಮೊಟ್ಟೆ ಹೋದ್ರೂ ಅವು ಇನ್ನೊಮ್ಮೆ ಇಡ್ತವೆ. ಅದಕ್ಕೇ ಅಲ್ಲವಾ ಎಣಿಸುವುದು."

ಅದಕ್ಕೇ ಎಣಿಸುವುದು ಎಂದು ಒಂದೂವರೆ ವರ್ಷ ಹಕ್ಕಿ ಎಣಿಸಿದ ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ಎಣಿಸುವುದು ಜಾಣತನ ತೋರಿಸಲು ಎಂದುಕೊಂಡಿದ್ದೆ.

ಮನೆಯಲ್ಲಿ ಹೇಳಿದೆ. ಮಗ, "ಹಕ್ಕಿ ವಿಷಯಕ್ಕೆ ಇಷ್ಟು ತಲೆಬಿಸಿ ಯಾಕಮ್ಮ? ನಾಡಿದ್ದು ಎಲ್ಲ ಮರೀತಾರೆ," ಎಂದ. ಸೊಸೆ ಮಾತ್ರ, "ಅತ್ತೆ, ಆ ಮೇಡಮಿಗೆ ನಾನು ಇಂಗ್ಲಿಷಿನಲ್ಲಿ ಬರೆದು ಕಳಿಸ್ತೇನೆ, ನೀವು ಹೇಳಿ," ಎಂದಳು. 'ಆಮೇಲೆ ನೋಡುವ' ಎಂದೆ. ಆ 'ನೋಡುವ' ಅಲ್ಲಿಗೇ ನಿಂತಿತು. ತಿಂಗಳಾಯಿತು, ಎರಡಾಯಿತು. ಸೊಸೆ ಮತ್ತೆ ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಬಾಯಮ್ಮ ಇನ್ನೊಂದು ವರ್ಷ ಎದುರು ಬಾಗಿಲಲ್ಲಿಯೇ ಇದ್ದರು. ಮಾತು ಬಿಡಲಿಲ್ಲ. ಕ್ರಿಸ್ಮಸ್ಸಿಗೆ ಅವರ ಮನೆಯಿಂದ ಕುಸ್ವಾರ್ ತಿಂಡಿಯ ತಟ್ಟೆ ಬಂತು, ನಾನು ಚೌತಿಗೆ ಕಡುಬು ಕೊಟ್ಟೆ. ಊಟ ಆಯ್ತಾ, ಸೆಕೆ ಜೋರುಂಟು, ಅಷ್ಟೇ. ಮಾತು ಬಿಟ್ಟಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು. ಅವರು ಹೊರಡುವ ದಿನ ಪೆಟ್ಟಿಗೆ ಕಟ್ಟಲು ನಾನು ಹೋದರೆ ಎಲ್ಲ ಕಟ್ಟಿ ಮುಗಿದಿತ್ತು, ಒಂದೊಂದಕ್ಕೂ ಚೀಟಿ ಅಂಟಿಸಿ. ಆ ಕೆರೆಗೆ ಮತ್ತೆ ನೀರು ಬರಲಿಲ್ಲ. ನಾನು ಊರಿಗೆ ಮರಳುವ ಹೊತ್ತಿಗೆ ಅದನ್ನು ತುಂಬಿಸಿ ಲಾರಿ ನಿಲ್ಲಿಸುವ ಜಾಗ ಮಾಡಿದ್ದರು.

ಊರಿಗೆ ಬಂದ ಮೇಲೆ ಕಿನ್ನಿಗೋಳಿ ದೂರವಲ್ಲ, ಬಸ್ಸಿನಲ್ಲಿ ಒಂದು ಗಂಟೆ. ಹೋಗಲಿಲ್ಲ. ಮೊಣಕಾಲು ನೋವು ಎಂದು ಹೇಳಿಕೊಂಡೆ. ಮೊಣಕಾಲು ನೋವಿದ್ದದ್ದು ನಿಜ. ಅವರು ತೀರಿಹೋದದ್ದು ಸೊಸೆಯ ಫೋನಿನಿಂದ ಗೊತ್ತಾಯಿತು, ಮಣ್ಣಾಗಿ ಹತ್ತು ದಿನವಾದ ಮೇಲೆ. ಮೊನ್ನೆ ಆ ವಾಸನೆ ಬಂದಾಗ ಮಗಳಿಗೆ ಇದನ್ನೆಲ್ಲ ಹೇಳಿದೆ. "ಆಗ ನೀನು ಕ್ಷಮೆ ಕೇಳಲಿಲ್ಲವಾ?" ಎಂದಳು. ಕೇಳಲು ಬಾಗಿಲು ದೂರವಿರಲಿಲ್ಲ. ನಾಲ್ಕು ಹೆಜ್ಜೆ.

ಆ ಸಭೆಯ ಮರುದಿನ ಬೆಳಿಗ್ಗೆ ಶುಕ್ರವಾರ. ಯಾವಾಗಿನ ಹೊತ್ತಿಗೆ ಎಚ್ಚರವಾಯಿತು. ಬೂಟು ಹಾಕಿ, ಲೇಸು ಬಿಗಿದು, ಬಾಗಿಲ ಹಿಂದೆ ನಿಂತೆ. ಇವತ್ತು ಅವರು ಹೋಗುವುದಿಲ್ಲ ಎಂದುಕೊಂಡಿದ್ದೆ. ಎದುರು ಬಾಗಿಲು ತೆರೆಯಿತು. ಬಾಗಿಲ ತೂತಿನಿಂದ ನೋಡಿದೆ. ಟೊಪ್ಪಿ, ದುರ್ಬೀನು, ಕಾಗದದ ರಟ್ಟು. ಹೊಲಿಗೆಯ ಜಾಗಕ್ಕೆ ಕೈ ಒತ್ತಿಕೊಂಡು ಬೀಗ ಹಾಕಿದರು. ನಮ್ಮ ಬಾಗಿಲ ಎದುರು ಬಂದು ನಿಂತರು. ಬೆಲ್ ಒತ್ತಲಿಲ್ಲ. ನಾನು ತೆರೆಯಲಿಲ್ಲ. ಲಿಫ್ಟ್ ಬಂತು, ಹೋಯಿತು.

ಬೂಟು ಬಿಚ್ಚಿ ಸೊಸೆಯ ಚಪ್ಪಲಿಗಳ ಸಾಲಿನಲ್ಲಿ ಇಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಚಟ್ನಿಗೆ ಕಾಯಿ ತುರಿದೆ.